ಕೌದಿ ಹೊದ್ದ ಕಡಲೆಗಿಡ

ಮೊನ್ನೆ ಬೆಳಿಗ್ಗೆ ಪುಣೆಯ ಮಂಡಿಯಲ್ಲಿ ಹಸಿಕಡಲೆ ಗಿಡದ ಕಟ್ಟೊಂದನ್ನು ಎತ್ತಿಕೊಂಡೆ. ಬೆರಳಿಗೆ ಎಲೆಯ ಹುಳಿ ಅಂಟಿತು. ಮೂಗಿನ ಹತ್ತಿರ ತಂದದ್ದೇ ತಡ, ಕೆಳಗಿನ ಮನೆಯ ಮಾಮಾ ಎದುರಿಗೆ ಬಂದು ನಿಂತಂತಾಯಿತು...

ಗದಗದ ಕಡೆಯವರು. ಪುಣೆಯ ಪ್ರಯೋಗಾಲಯವೊಂದರಲ್ಲಿ ಕಡಲೆಯ ಮೇಲೆ ಕೆಲಸ ಮಾಡಿ ನಿವೃತ್ತರಾಗಿದ್ದರು, ಒಬ್ಬರೇ ಇದ್ದರು. ಚಳಿ ಜಾಸ್ತಿಯಾದರೆ ಕಡಲೆಯ ಹೂವು ಕಾಯಿ ಕಟ್ಟದೆ ಉದುರಿಬಿಡುತ್ತದೆ. ಉದುರದ ತಳಿಯೊಂದು ತಮ್ಮ ಕೈಯಲ್ಲಿದೆ ಎಂದು ಅವರ ನಂಬಿಕೆ. ಅದನ್ನೊಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ ಆಸೆ. ನಮ್ಮ ಮಾಳಿಗೆಯ ಮೇಲೆ ಕುಂಡಗಳಲ್ಲಿ ಬಿತ್ತಿದ್ದರು.

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಮಂಜು ಮುಸುಕಿದ ಬೆಳಗುಗಳಲ್ಲಿ ಮಫ್ಲರ್ ಸುತ್ತಿಕೊಂಡು ಕೂತು ನನಗೆ ಹೇಳುತ್ತಿದ್ದರು: “ಥಂಡಿ ಹತ್ತಿದ ಕೂಡ್ಲೆ ಎಲಿ ತನ್ನೊಳಗ ಸಕ್ಕರಿ ಕೂಡಿಸ್ಕೋತದ. ಜೀವಕೋಶದ ಪದರದಾಗಿನ ಕೊಬ್ಬು ಬದಲಾಗಿ ಮೆತ್ತಗ ಉಳೀತದ. ನಾವು ಮಲಗಿರ್ತೀವಿ, ಅದು ಒಳಗಿಂದೊಳಗ ಅಡಿಗಿ ನಡಸಿರ್ತದ ನೋಡು.” ಅರ್ಧ ತಿಳಿಯುತ್ತಿತ್ತು, ಅರ್ಧ ಕನಸಿನಂತೆ ಹಾದುಹೋಗುತ್ತಿತ್ತು...

ಹೂ ಬಿಟ್ಟ ಹೊತ್ತಿಗೇ ಅವರು ಊರಿಗೆ ಹೋಗಬೇಕಾಯಿತು. ಚಳಿಯೂ ಜೋರಾಯಿತು. ತಿರುಗಿ ಬಂದು ನೋಡಿದರೆ ಗಿಡದ ತುಂಬ ಕಾಯಿ! ಅಯ್ಯೋ, ಆ ಮುಖದ ಸಂಭ್ರಮವೇ! ಆಗ ನಮ್ಮವ್ವ ಹೆಮ್ಮೆಯಿಂದ ಹೇಳಿದಳು: “ಕೂಸಿನಂಗ ನಡಗತಿದ್ವು ರೀ ಅಣ್ಣಾ. ದಿನಾ ಸಂಜಿಮುಂದ ಕೌದಿ ಹೊಚ್ಚಿದೆ.”

ಮಾಮಾ ಕುಂಡದ ಪಕ್ಕ ಕುಸಿದು ಕೂತರು. “ಚಳಿನ ಹತ್ತಲಿಲ್ಲಂದ್ರ, ಅದು ತಡಕೊಂಡದ್ದು ಹೆಂಗ ಗೊತ್ತಾಗಬೇಕು ತಂಗಿ?” ಅವ್ವನ ಮೋರೆ ಸಣ್ಣದಾಯಿತು. ಅದನ್ನು ಕಂಡು ಅವರೇ ನಗತೊಡಗಿದರು. ಕಾಯಿಗಳನ್ನೆಲ್ಲ ಸುಲಿದು ಮೂವರೂ ತಿಂದೆವು. ಬೀಜ ಇನ್ನೊಂದು ಹಿಡಿ ಇದೆ, ಮುಂದಿನ ಚಳಿಗೆ ನೋಡೋಣ ಎಂದರು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರಿಗೆ ಎದೆನೋವು. ಆಸ್ಪತ್ರೆಗೆ ಹೊರಡುವಾಗ ಬೀಜ ಅವ್ವನ ಕೈಗಿಟ್ಟು, “ಈ ಸಲ ಹೊಚ್ಚಬ್ಯಾಡ್ರಿ” ಎಂದರು. ದೀಪಾವಳಿಗೆ ಮೊದಲೇ ಹೋಗಿಬಿಟ್ಟರು.

ಅವ್ವ ಬಿತ್ತಿದಳು. ಚಳಿ ಏರಿದ ಸಂಜೆಗಳಲ್ಲಿ ಮಾಳಿಗೆ ಬಾಗಿಲಿಗೆ ಚಿಲಕ ಹಾಕಿ ಬಂದು, ಅಡುಗೆಮನೆಯಲ್ಲಿ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಹೂ ಉದುರಲಿಲ್ಲ. ಮೊದಲ ಕಾಯಿ ಕಂಡ ಬೆಳಿಗ್ಗೆ ಎಲ್ಲ ಮರೆತು, “ಅಣ್ಣಾ, ಲಗೂನ ಬರ್ರಿ!” ಎನ್ನುತ್ತ ಮೆಟ್ಟಿಲಿಳಿದು ಓಡಿದಳು. ಕೆಳಗೆ ಬಾಗಿಲಿಗೆ ಬೀಗವಿತ್ತು...

ಈಗ ಅವ್ವನೂ ಇಲ್ಲ. ಕೆಳಗಿನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ಬಾಗಿಲು ದಾಟುವಾಗ ನನ್ನ ಕಾಲು ಇಂದಿಗೂ ಒಂದು ಗಳಿಗೆ ನಿಲ್ಲುತ್ತದೆ. ಮಾಮಾ, ಅದು ತಡಕೊಂಡಿತ್ತು.