ಸಂಕ್ರಾಂತಿ ಕಿಚ್ಚಿಗೆ ಸಿಕ್ಕ ಹೆಂಗಸರ ಡೈರಿ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ ನಾನು ತಿ. ನರಸೀಪುರ ತಾಲ್ಲೂಕಿನ ನಮ್ಮೂರಿನಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೆ. ಊರಿನಲ್ಲಿ ಅಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ‘ಹೆಂಗಸರ ಡೈರಿ’ ಎನ್ನುತ್ತಾರೆ. ಈಗ ನಂಜನಗೂಡಿನಲ್ಲಿ ಮೊಮ್ಮಕ್ಕಳಾದ ನಿಮ್ಮ ಜೊತೆ ಇದ್ದೇನೆ. ನಿಮ್ಮಪ್ಪ ತಾಂಡ್ಯದ ಫ್ಯಾಕ್ಟರಿಗೆ, ನೀವು ಸ್ಕೂಲಿಗೆ ಹೊರಟ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ‘ಡೈರಿಗೆ ಬೆಂಕಿ ಬಿದ್ದ ಕಥೆ ಹೇಳಜ್ಜಿ’ ಎಂದು ನೀವು ಕೇಳಿದಾಗಲೆಲ್ಲ ಅರ್ಧಕ್ಕೇ ನಿಲ್ಲಿಸಿದ್ದೇನೆ. ಬಾಯಿಗಿಂತ ನನಗೆ ಪೆನ್ನೇ ವಾಸಿ.

ನಿಮ್ಮ ತಾತ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದೆ. ಊರ ಶಾಲೆಯಲ್ಲಿ ಹತ್ತನೇ ಕ್ಲಾಸು ಪಾಸಾಗಿದ್ದ ಹೆಂಗಸರು ಆಗ ಕಡಿಮೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲು ಹಾಕಿಸಿಕೊಳ್ಳುವುದು ನನ್ನ ಕೆಲಸ. ತಂದ ಹಾಲಿಗೆ ಮೊದಲು ಲ್ಯಾಕ್ಟೋಮೀಟರ್ ಬಿಡಬೇಕು. ಅದೊಂದು ಗಾಜಿನ ಕಡ್ಡಿ. ಹಾಲಿಗೆ ನೀರು ಬೆರೆತಿದ್ದರೆ ಹೆಚ್ಚು ಮುಳುಗಿ ಹೇಳಿಬಿಡುತ್ತದೆ. ಆಮೇಲೆ ಫ್ಯಾಟ್, ಅಂದರೆ ಜಿಡ್ಡಿನ ಅಂಶ ನೋಡಬೇಕು. ಎಷ್ಟೇ ಬೇಕಾದವರು ತಂದರೂ ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅನ್ನುವ ಹಾಗಿಲ್ಲ. ಒಬ್ಬೊಬ್ಬರದನ್ನೂ ಬೇರೆ ಬೇರೆ ನೋಡಿದ ಮೇಲೆಯೇ ಕ್ಯಾನಿಗೆ ಸುರಿಯಬೇಕು.

ಡೈರಿ ಇದ್ದದ್ದು ಹಳೆಯ ಕಟ್ಟಡದಲ್ಲಿ. ಸುತ್ತ ದಪ್ಪನೆಯ ಮಣ್ಣಿನ ಗೋಡೆ, ಒಳಗೆ ನಾಲ್ಕು ಕಲ್ಲಿನ ಕಂಬ, ಮೇಲೆ ಮರದ ತೊಲೆ, ಹೆಂಚು. ಅದನ್ನು ಕೊಟ್ಟವರು ಊರ ಹಿರಿಯರಾಗಿದ್ದ ಬಸಪ್ಪನವರು. “ಈ ಕಟ್ಟಡ ನಿಂತಿರೋಗಂಟ ಜಾಗ ಹೆಂಗಸರ್ದು” ಎಂದು ಎಲ್ಲರೆದುರು ಮಾತು ಕೊಟ್ಟು ಬೀಗದ ಕೈ ಕೊಟ್ಟಿದ್ದರು. ಆ ಮಾತೇ ನಮಗೆ ಪತ್ರ. ಬಾಗಿಲ ಎದುರಿನ ಕಂಬವನ್ನು ನಾವು ಲಕ್ಷ್ಮೀಕಂಬ ಎನ್ನುತ್ತಿದ್ದೆವು. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೊದಲು ಕರೆದ ಹಾಲನ್ನು ಅದರ ಬುಡಕ್ಕೆ ಹುಯ್ಯುವುದು ರೂಢಿ.

ನಮ್ಮ ಕಡೆ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಉರಿಯುವ ಹುಲ್ಲಿನ ಮೇಲೆ ಹಾರಿಸುವುದು. ಯಾವಾಗಲೂ ಊರ ಮುಂದೆ ನಡೆಯುತ್ತಿತ್ತು. ಆ ವರ್ಷ ಅಲ್ಲಿ ರಸ್ತೆಗೆ ಜಲ್ಲಿ ಸುರಿದಿದ್ದರಿಂದ ಡೈರಿಯ ಮುಂದೆ ಮಾಡಿದರು. ಬಸಪ್ಪನವರ ಮಗ ಮಾದೇವಪ್ಪಣ್ಣ ಒಂದು ಗಾಡಿ ಭತ್ತದ ಹುಲ್ಲು ತಂದು ನಮ್ಮ ಗೋಡೆಗೇ ಒರಗಿಸಿ ಪೇರಿಸಿದರು. ಕೊನೆಯ ಜೋಡಿ ಎತ್ತು ಹಾಯುವಾಗ ಗಾಳಿ ತಿರುಗಿತು. ಕಿಡಿ ಹೋಗಿ ಹುಲ್ಲಿಗೆ ಬಿತ್ತು, ಹುಲ್ಲಿನಿಂದ ಸೂರಿಗೆ ಹತ್ತಿತು.

ಫ್ಯಾಟ್ ನೋಡುವ ಮೆಷಿನ್ನು, ಕ್ಯಾನುಗಳನ್ನು ಹೊರಗೆ ತಂದೆವು. ಅಷ್ಟರಲ್ಲಿ ತೊಲೆ ಮುರಿದು ಬಿತ್ತು. ಗಂಡಸರು ದನ ಹಿಡಿಯಲು ಓಡಿದರು. ಹೆಂಗಸರು ಕೊಡ ಹಿಡಿದು ನಲ್ಲಿಗೆ ಓಡಿದೆವು. ಬಾಗಿಲಿನಿಂದಲೇ ಎಲ್ಲರೂ ನೀರು ಎರಚಿದ್ದು ಎದುರಿಗೆ ಕಾಣುತ್ತಿದ್ದ ಲಕ್ಷ್ಮೀಕಂಬಕ್ಕೆ. ಹೀಗೆ ಮಾಡಿ ಎಂದು ಯಾರೂ ಹೇಳಿಕೊಡಲಿಲ್ಲ. ಫೈರ್ ಇಂಜಿನ್ ಬಂದು ಒಳಗೆ ಬಿದ್ದು ಉರಿಯುತ್ತಿದ್ದ ತೊಲೆಗಳನ್ನು ಆರಿಸುವ ಹೊತ್ತಿಗೆ ಮೇಲ್ಛಾವಣಿ ಪೂರ್ತಿ ಹೋಗಿತ್ತು. ಗೋಡೆ ಕರ್ರಗೆ ನಿಂತಿತ್ತು, ಕಂಬಗಳೂ ನಿಂತಿದ್ದವು.

ಮಾರನೆಯ ಬೆಳಿಗ್ಗೆಯಿಂದ ಎದುರಿನ ಹೊಂಗೆ ಮರದ ಕೆಳಗೆ ಹಾಲು ಹಾಕಿಸಿಕೊಂಡೆ. ಊರಿನಲ್ಲಿ ಎರಡು ಮಾತಾಯಿತು. “ಕಲ್ಲಿಗೇನಾಯ್ತದೆ? ಮೇಲೊಂದು ಶೀಟ್ ಹೊದಿಸ್ಬುಟ್ರೆ ಮುಗೀತು” ಎಂದರು ಕೆಲವರು. “ಸುಟ್ಟ ಮಣ್ಣಿನ ಗೋಡೆ ನಂಬೋಕಾಯ್ತದಾ? ಕೆಡವಿ ಹೊಸದಾಗಿ ಕಟ್ಟಿ” ಎಂದರು ಇನ್ನು ಕೆಲವರು. ಮಾದೇವಪ್ಪಣ್ಣ ಮರದ ಕೆಳಗೆ ಬಂದು ನಿಂತರು.

“ನೋಡ್ ನಾಗಮ್ಮ, ಕೆಡವುದ್ರೆ ಅಪ್ಪನ ಮಾತು ಅಲ್ಲಿಗೆ ತೀರ್ತು. ಜಾಗ ನಮ್ಗೇ ಬತ್ತದೆ. ತಮ್ಮ ಅಂಗಡಿ ಹಾಕ್ತೀನಿ ಅಂತ ಕುಂತವ್ನೆ. ನಿಮ್ಗೇನು, ಗಂಡಸ್ರ ಡೈರಿ ಇಲ್ವಾ? ಅಲ್ಗೇ ಸೇರ್ಕಳಿ.”

ನಮ್ಮ ಅಧ್ಯಕ್ಷೆ ಗೌರಮ್ಮ ಸುಮ್ಮನಿರುವವಳಲ್ಲ. “ಹುಲ್ಲು ನಿಮ್ದು, ಕಿಚ್ಚು ನಿಮ್ದು, ಈಗ ಜಾಗಾನೂ ನಿಮ್ದಾ ಅಣ್ಣಾ? ಮುಂದಿನ ಸಂಕ್ರಾಂತಿಗೆ ನಮ್ಮನ್ನೂ ಕಿಚ್ಚು ಹಾಯ್ಸಿ, ಕೊಂಬಿಗೆ ಬಣ್ಣ ನಾವೇ ಬಳ್ಕಂಡು ಬತ್ತೀವಿ” ಎಂದಳು. ಅವರೂ ನಕ್ಕರು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಗಂಡಸರ ಡೈರಿಗೆ ಸೇರುವುದೆಂದರೆ ಏನು ಎಂದು ನಿಮಗೆ ಹೇಳಬೇಕು. ಅಲ್ಲಿ ಹಾಲಿನ ಪಾಸ್‌ಬುಕ್ ಗಂಡನ ಹೆಸರಿನಲ್ಲಿ. ನಮ್ಮಲ್ಲಿ ಹಸು ಕರೆದವಳ ಹೆಸರಿನಲ್ಲಿ. ಈ ಡೈರಿ ಮುಚ್ಚಿದರೆ ಅಷ್ಟೂ ಮನೆಯ ಹೆಂಗಸರು ಮತ್ತೆ ಕೈಯೊಡ್ಡಿ ಕೇಳುವ ಸ್ಥಿತಿಗೆ ಹೋಗುತ್ತಿದ್ದರು. ಹಾಗಾಗಿ ರಿಪೇರಿ ಎನ್ನುವ ಒಂದೇ ಪದ ನಮ್ಮೆಲ್ಲರ ಬಾಯಲ್ಲಿ.

ನಂಜನಗೂಡಿನಿಂದ ಇಂಜಿನಿಯರ್ ಒಬ್ಬರನ್ನು ಕರೆಸಿದೆವು. ಸೋಮಶೇಖರ್ ಎಂದು, ಮಧ್ಯವಯಸ್ಸಿನವರು. ಅವರು ಬರುವ ದಿನ ಬೆಳಿಗ್ಗೆ ಎಂದಿನಂತೆ ಒಳಗೆ ಕಸ ಹೊಡೆದೆ. ಬೂದಿ ಎಲ್ಲ ತೆಗೆದ ಮೇಲೂ ದಿನಾ ನನ್ನ ಪೊರಕೆಗೆ ಕಲ್ಲಿನ ಚಕ್ಕೆ ಸಿಗುತ್ತಿತ್ತು. ಎಲ್ಲವೂ ಕಂಬಗಳ ಬುಡದಲ್ಲೇ. ಅವತ್ತೂ ಒಂದು ಹಿಡಿ ಸಿಕ್ಕಿತು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ.

ಇಂಜಿನಿಯರ್ ಸುತ್ತು ಹಾಕಿ, “ಕಂಬ ನೇರವಾಗೇ ನಿಂತಿವೆ. ಗೋಡೆ ಮಾತ್ರ ನನಗೆ ಅನುಮಾನ” ಎಂದರು. ಗೌರಮ್ಮ ನನ್ನ ಮುಖ ನೋಡಿದಳು. ಕಂಬದ ವಿಷಯ ಎತ್ತಿದರೆ ಕೆಡವುವುದಕ್ಕೆ ಇನ್ನೊಂದು ಕಾರಣ ನಾನೇ ಕೊಟ್ಟ ಹಾಗೆ. ಎತ್ತದಿದ್ದರೆ ಆ ಕಂಬದ ಮೇಲೆ ಹೊಸ ಸೂರು, ಅದರ ಕೆಳಗೆ ದಿನಕ್ಕೆರಡು ಸಲ ಊರಿನ ಹೆಂಗಸರು, ಸೊಂಟದಲ್ಲಿ ಕೂಸು. ನಾನು ಗಂಟು ಬಿಚ್ಚಿ ಅವರ ಮುಂದೆ ಹಿಡಿದೆ.

“ದಿನಾ ಉದುರ್ತದೆ ಸಾರ್.”

ಅವರು ಚಕ್ಕೆಯನ್ನು ಬೆರಳಲ್ಲಿ ತಿರುವಿ ನೋಡಿ, “ಬೆಂಕಿ ಬಿದ್ದಾಗ ನೀರು ಎಲ್ಲೆಲ್ಲಿ ಹಾಕಿದ್ರಿ?” ಎಂದು ಕೇಳಿದರು.

ಅಲ್ಲಿದ್ದವರೆಲ್ಲ ಒಟ್ಟಿಗೇ ಲಕ್ಷ್ಮೀಕಂಬದ ಕಡೆ ಕೈ ತೋರಿಸಿದರು. “ನಾನೇ ಮೊದ್ಲು ಹುಯ್ದದ್ದು ಸಾ” ಎಂದು ಗೌರಮ್ಮ ಹೆಮ್ಮೆಯಿಂದ ಹೇಳಿದಳು. ಅವರು ಚಿಕ್ಕ ಸುತ್ತಿಗೆ ತೆಗೆದು ಕಂಬಕ್ಕೆ ತಟ್ಟಿದರು. ಗಟ್ಟಿ ಕಲ್ಲು ಗಂಟೆಯ ಹಾಗೆ ಖಣ್ ಎನ್ನಬೇಕು. ಇದು ಒಡೆದ ಮಡಕೆಯ ಹಾಗೆ ಬೊದ್ ಎಂದಿತು. ಉಳಿದ ಮೂರು ಕಂಬಗಳೂ ಹಾಗೇ; ನಾವು ಎರಚಿದ ನೀರು ಅವಕ್ಕೂ ಸಿಡಿದಿತ್ತು. ಕಾದ ಕಲ್ಲಿಗೆ ಒಮ್ಮೆಲೇ ತಣ್ಣೀರು ಬಿದ್ದರೆ ಒಳಗೇ ಬಿರುಕು ಬಿಡುತ್ತದಂತೆ. ಹಿಂದೆ ಬಂಡೆ ಸೀಳುವವರು ಬೇಕೆಂದೇ ಹಾಗೆ ಮಾಡುತ್ತಿದ್ದರಂತೆ.

“ಅಯ್ಯೋ ಶಿವನೇ, ಪೂಜೆ ಮಾಡ್ದೋರೂ ನಾವೇ, ಒಡ್ದೋರೂ ನಾವೇ!” ಎಂದು ಗೌರಮ್ಮ ತಲೆಯ ಮೇಲೆ ಕೈಹೊತ್ತಳು.

ಅಲ್ಲಿದ್ದ ಮಾದೇವಪ್ಪಣ್ಣ, “ಸರಿ ಬುಡಿ, ಕಂಬಾನೇ ಹೋದ್ಮೇಲೆ ಕಟ್ಟಡ ಎಲ್ಲಿಂದ ಬಂತು” ಎಂದರು.

ಆಗ ನನ್ನ ಬಾಯಿಂದ ಮಾತು ಹೇಗೆ ಬಂತೋ ತಿಳಿಯದು. “ಸಾರ್, ನಮ್ಮಲ್ಲಿ ಒಬ್ಬರ ಹಾಲು ಕೆಟ್ಟಿದ್ರೆ ಅದನ್ನೊಂದೇ ವಾಪಸ್ ಕೊಡ್ತೀವಿ. ಎಲ್ಲರದ್ದೂ ಚೆಲ್ಲಲ್ಲ. ಗೋಡೇನೂ ಬೇರೆಯಾಗಿ ನೋಡ್ಬಿಡಿ” ಎಂದೆ.

“ಅದಕ್ಕೇ ಬಂದಿರೋದಮ್ಮ” ಎಂದು ನಕ್ಕು, ಅವರು ಉಳಿ ತರಿಸಿ ನಾಲ್ಕೂ ಗೋಡೆಗಳನ್ನು ಅಲ್ಲಲ್ಲಿ ಕೊರೆಸಿದರು. ಮೇಲೆ ಮಸಿ, ಅದರ ಒಳಗೆ ಬೆರಳಿನ ದಪ್ಪ ಬೆಂದು ಇಟ್ಟಿಗೆಯ ಹಾಗೆ ಕೆಂಪಾಗಿತ್ತು, ಆಮೇಲೆ ಹಳೆಯ ಮಣ್ಣು, ಒಣಗಿ ಗಟ್ಟಿಯಾಗಿ, ಮೊದಲಿದ್ದ ಹಾಗೇ. ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟರು; ಎಲ್ಲೂ ವಾಲಿರಲಿಲ್ಲ. ನಾವು ಕಂಬದ ಮೇಲಿನ ಅಕ್ಕರೆಯಿಂದ ಗೋಡೆಗೆ ನೀರು ಹಾಕಿ ಮಣ್ಣು ಕರಗಿಸದೆ ಬಿಟ್ಟದ್ದೇ ಒಳ್ಳೆಯದಾಗಿತ್ತು.

ಅವರ ತೀರ್ಮಾನ ಹೀಗಿತ್ತು: ಗೋಡೆ ಕೆಡವಬೇಕಿಲ್ಲ. ಮೇಲಿನ ಎರಡು ಸಾಲು ಮಣ್ಣು ಸಡಿಲವಾಗಿದೆ, ಅದನ್ನು ತೆಗೆದು ಸುತ್ತಲೂ ಕಾಂಕ್ರೀಟ್ ಪಟ್ಟಿ ಕಟ್ಟಬೇಕು. ಕಂಬ ನಾಲ್ಕನ್ನೂ ಇಳಿಸಿ ಕಬ್ಬಿಣದ್ದು ನಿಲ್ಲಿಸಬೇಕು. ಮೇಲೆ ಹಗುರವಾದ ಶೀಟು.

ಎಲ್ಲರೂ ಮಾದೇವಪ್ಪಣ್ಣನ ಕಡೆ ತಿರುಗಿದರು. ಅವರು ಗೋಡೆ ಕೊರೆದಿದ್ದ ಜಾಗಕ್ಕೆ ಬೆರಳು ಹಾಕಿ ಮಣ್ಣು ಕೆರೆದು ನೋಡಿದರು. “ನಮ್ಮಪ್ಪ ಈ ಮಣ್ಣ ಕಾಲಲ್ಲಿ ತುಳ್ದು ಹದ ಮಾಡಿದ್ದ ನಾ ನೋಡಿವ್ನಿ” ಎಂದರು. ಆಮೇಲೆ ಗೌರಮ್ಮನಿಗೆ, “ಗೋಡೆ ನಿಂತದೆ ಅಂದ್ಮೇಲೆ ಮಾತೂ ನಿಂತದೆ ಕಣವ್ವ. ತಮ್ಮಂಗೆ ನಾ ಯೋಳ್ಕತೀನಿ” ಎಂದರು.

“ಹುಲ್ಲು ಮಾತ್ರ ಇನ್ಮೇಲೆ ನಿಮ್ಮ ಮನೆ ಗೋಡೆಗೇ ಒರಗ್ಸಿ ಅಣ್ಣ” ಎಂದಳು ಅವಳು.

ಯುಗಾದಿಯ ಹೊತ್ತಿಗೆ ಹೊಸ ಸೂರಿನ ಕೆಳಗೆ ಹಾಲು ಹಾಕಿಸಿಕೊಂಡೆವು. ಅಲ್ಲಿಯವರೆಗೆ ಒಂದು ಹೊತ್ತೂ ಡೈರಿ ನಿಲ್ಲಲಿಲ್ಲ. ಕಣ್ಣಿಗೆ ಗಟ್ಟಿ ಕಂಡದ್ದನ್ನೂ ಕೆಟ್ಟಂತೆ ಕಂಡದ್ದನ್ನೂ ಒಂದೇ ರೀತಿ ತಟ್ಟಿ ನೋಡಬೇಕು, ಬೇರೆ ಬೇರೆಯಾಗಿ ನೋಡಬೇಕು. ನಾನು ಕೆಲಸದಿಂದ ಕಲಿತದ್ದು ಇಷ್ಟೇ. ನೋಡಿದ್ದನ್ನು ಹೇಳಿಬಿಡಬೇಕು, ನಮಗೆ ನಷ್ಟವೆನಿಸಿದರೂ.

ಲಕ್ಷ್ಮೀಕಂಬವನ್ನು ಎಸೆಯಲು ಯಾರಿಗೂ ಮನಸ್ಸಾಗಲಿಲ್ಲ. ಭಾರ ಹೊರಲಾರದ್ದು ಮಲಗಿರಬಹುದಲ್ಲ ಎಂದು ಹೊಂಗೆ ಮರದ ಕೆಳಗೆ ಅಡ್ಡ ಹಾಕಿಸಿದೆವು. ಊರಿಗೆ ಹೋದಾಗ ನೀವಿಬ್ಬರೂ ಕೂತು ಕಾಲು ಆಡಿಸುತ್ತೀರಲ್ಲ, ಆ ಕಲ್ಲುಬೆಂಚು ಅದೇ. ಹಾಲು ತಂದವರು ತಮ್ಮ ಸರದಿ ಬರುವವರೆಗೆ ಅದರ ಮೇಲೆ ಕೂತು ಹರಟುತ್ತಾರೆ. ಆಯುಧಪೂಜೆಗೆ ಗೌರಮ್ಮ ಈಗಲೂ ಅದಕ್ಕೆ ಕುಂಕುಮ ಇಡುತ್ತಾಳೆ. ಎಲ್ಲರನ್ನೂ ಎಬ್ಬಿಸಿ, ಇಟ್ಟು, ಮತ್ತೆ ಕೂರಿಸುತ್ತಾಳೆ.