ಏಳನೆಯ ಹಾಡಿನ ಹಲಗಿ

ಅಕ್ಕೋಳದ ಭರಮುನಿಗೆ ಕೂತಲ್ಲಿ ಕೂತು ಗೊತ್ತಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂರುಗಳ ನಡುವಿನ ತಗ್ಗುದಿನ್ನೆಗಳೆಲ್ಲ ಅವನ ಬೆನ್ನಿಗೆ ಬಾಯಿಪಾಠ. ನಿವೃತ್ತನಾಗಿ ಏಳು ವರ್ಷ ಕಳೆದರೂ ಟೀವಿ ಮುಂದೆ ಕೂತಾಗ ಎಡಗಾಲು ತಾನಾಗಿಯೇ ಕ್ಲಚ್ಚು ಹುಡುಕುತ್ತದೆ. "ಕಾಲ್ ಸುಮ್ನ ಇಡ್ರಿ, ಪಲಂಗ ಅಳ್ಳಾಡಾಕತ್ತೈತಿ" ಎಂದು ಹೆಂಡತಿ ಶೇವಂತಾ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಾಳೆ.

ಇಂಥ ಭರಮು ಎರಡು ವಾರದಿಂದ ಸಂಗೀತದ ವಿಮರ್ಶೆಗಳ ಬೆನ್ನು ಹತ್ತಿದ್ದಾನೆ ಎಂದರೆ ಯಾರು ನಂಬಬೇಕು? ಆದರೆ ನಿಜ. ಅದಕ್ಕೆ ಕಾರಣ ಮಗಳು ಕಾಂಚನ.

ಇಪ್ಪತ್ತಾರು ವರ್ಷದ ಕಾಂಚನಳಿಗೆ ಸದಲಗಾದ ಡೇರಿಯೊಂದರಲ್ಲಿ ಹಾಲಿನ ಫ್ಯಾಟು ನೋಡುವ ಕೆಲಸ. ಹಗಲೆಲ್ಲ ಬಿಳಿ ಕೋಟು ಹಾಕಿಕೊಂಡು "ಬರ್ರಿ ಕಾಕಾ, ಕ್ಯಾನ್ ಇಲ್ಲಿಡ್ರಿ" ಎಂದು ಮೆತ್ತಗೆ ಮಾತಾಡುವ ಹುಡುಗಿ, ಸಂಜೆಯಾದರೆ ನಿಪ್ಪಾಣಿಯ ಹಳೆಯ ತಂಬಾಕಿನ ಗೋದಾಮಿನಲ್ಲಿ ಮೈಕು ಹಿಡಿದು ಗಂಟಲು ಹರಿಯುವ ಹಾಗೆ ಚೀರುತ್ತಾಳೆ. ಮೊಬೈಲ್ ರಿಪೇರಿ ಮಾಡುವ ಕುನಾಲ ಗಿಟಾರು, ಸಕ್ಕರೆ ಕಾರ್ಖಾನೆಯ ವಿಕ್ರಾಂತ ಡ್ರಮ್ಮು. ಬ್ಯಾಂಡಿನ ಹೆಸರು 'ಕಿರಿಕಿರಿ'. ಹೆಸರಿಡುವಾಗ ಯಾರೂ ಹೆಚ್ಚು ತಲೆ ಕೆಡಿಸಿಕೊಂಡ ಹಾಗಿಲ್ಲ, ಕೇಳಿದವರೆಲ್ಲ ಮೊದಲು ಹೇಳಿದ್ದೇ ಅದನ್ನು. ಈ ಬಗೆಯ ಸಂಗೀತಕ್ಕೆ ಹಾರ್ಡ್‌ಕೋರ್ ಪಂಕ್ ಎನ್ನುತ್ತಾರಂತೆ. ಇದಕ್ಕೆ ರಾಗ ಬೇಕಿಲ್ಲ, ಸಿಟ್ಟು ಬೇಕು. ಹಾಡು ಎರಡೂವರೆ ನಿಮಿಷ ದಾಟಿದರೆ ಅದು ಪುರಾಣ.

ಮೂರು ವರ್ಷದ ಹಿಂದೆ ಇವರ ಮೊದಲ ಆಲ್ಬಮ್ 'ಪಾಳಿ' ಬಂದಾಗ ಜಗತ್ತು ತನ್ನ ಪಾಡಿಗೆ ತಾನಿತ್ತು. ಊರಲ್ಲಿ ಬಂದ ವಿಮರ್ಶೆ ಒಂದೇ ಒಂದು. ಎದುರು ಮನೆಯ ಚನ್ನವ್ವ, "ಹುಡುಗಿಗೆ ಏನ್ ಆಗೇತ್ರಿ, ದವಾಖಾನಿಗೆ ತೋರ್ಸೀರೇನು?" ಎಂದು ಕೇಳಿದ್ದಳು. ಭರಮು ಎದ್ದು ನಿಂತೇ ಉತ್ತರ ಕೊಟ್ಟಿದ್ದ: "ಏನೂ ಆಗಿಲ್ರಿ. ನಮ್ಮ ಮನ್ಯಾಗ ಅಜ್ಜ-ಮುತ್ತ್ಯಾನ ಕಾಲದಿಂದ ಎಲ್ಲಾರೂ ಸಣ್ಣ ದನೀಲೆ ಮಾತಾಡೀವಿ. ಈಕಿ ಒಬ್ಬಾಕಿ ಚೀರ್ಲಿ ಬಿಡ್ರಿ." ಮಗಳು ಒಳಗಿನಿಂದ ಅದನ್ನು ಕೇಳಿಸಿಕೊಂಡಿದ್ದಳು. ಅವತ್ತಿನಿಂದ ಬ್ಯಾಂಡಿನ ಹುಡುಗರಿಗೂ ಭರಮುಕಾಕಾ ಎಂದರೆ ಬಲು ಭರವಸೆ.

ಹಾಡಿನ ಒಂದು ಶಬ್ದವೂ ಅವನಿಗೆ ತಿಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಕನ್ನಡವೋ ಮರಾಠಿಯೋ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಆದರೂ ಪ್ರತಿ ಹಾಡಿಗೂ ತಲೆ ಆಡಿಸುತ್ತಿದ್ದ. ತಂದೆಯಾದವನು ಮತ್ತೇನು ಮಾಡಬೇಕು?

ಈಗ ಎರಡನೆಯ ಆಲ್ಬಮ್ ಬಂದಿದೆ. ಒಂಬತ್ತು ಹಾಡು, ಇಪ್ಪತ್ತೊಂದು ನಿಮಿಷ. ಕೊಲ್ಹಾಪುರದ ಸ್ಟುಡಿಯೋದಲ್ಲಿ ರೆಕಾರ್ಡು ಮಾಡಿದ್ದು. ಈ ಸಲ ಜಗತ್ತು ತಿರುಗಿ ನೋಡಿತು. ಬೆಂಗಳೂರಿನ ಒಬ್ಬ ಬರೆದ: ಮೊದಲನೆಯದರಲ್ಲಿದ್ದ ಒರಟುತನ ಹೋಗಿ ಎಲ್ಲವೂ ತಿಕ್ಕಿ ತೊಳೆದ ಹಾಗಾಗಿದೆ. ಪುಣೆಯವನೊಬ್ಬ ಬರೆದ: ಗಾಯಕಿ ಏನು ಹೇಳುತ್ತಾಳೆಂದು ದೇವರಿಗೇ ಗೊತ್ತು. ಈ ಎರಡನೆಯವನ ಮಾತಿಗೆ ಭರಮು ಮನಸ್ಸಿನಲ್ಲೇ ಹೂಂಗುಟ್ಟಿದ. ಮೂರನೆಯದು ಮುಂಬೈನದು, ಉದ್ದದ್ದು, ಇಂಗ್ಲಿಷಿನಲ್ಲಿತ್ತು. ಬೆಳಿಗ್ಗೆ ಚಹಾ ಕುಡಿಯುವಾಗ ಕಾಂಚನ ಅದನ್ನು ಕನ್ನಡ ಮಾಡಿ ಓದಿ ಹೇಳಿದಳು.

"ಏಳನೆಯ ಹಾಡಿನಲ್ಲಿ ಗಿಟಾರು ನಿಂತು ಹಲಗಿಯೊಂದೇ ಉಳಿಯುವ ಆ ಇಪ್ಪತ್ತು ಸೆಕೆಂಡೇ ಇಡೀ ಆಲ್ಬಮ್ಮಿನ ಜೀವ. ಅದು ಹಬ್ಬದ ಬಡಿತ. ಕೇಳಿದವನ ಕಾಲು ತಾನಾಗಿ ಕುಣಿಯುತ್ತದೆ. ಪೂರ್ವಜರ ಸಂಭ್ರಮ ಈ ಹುಡುಗಿಯ ರಕ್ತದಲ್ಲಿದೆ."

ಭರಮು ಕಪ್ಪು ಕೆಳಗಿಟ್ಟ. ನೀರಿನ ಮೋಟರು ನೋಡಿ ಬರುತ್ತೇನೆ ಎಂದು ಹಿತ್ತಲಿಗೆ ಹೋದ. ಅವತ್ತು ಕರೆಂಟೇ ಇರಲಿಲ್ಲ.

ಆ ಬಡಿತ ಅವನಿಗೆ ಆಲ್ಬಮ್ ಬಂದ ದಿನವೇ ಗೊತ್ತಾಗಿತ್ತು. ಮಗಳು ಮೊಬೈಲಿನಲ್ಲಿ ಹಾಡು ಹಚ್ಚಿ ಅವನ ಮುಖ ನೋಡುತ್ತ ಕೂತಿದ್ದಳು. ಏಳನೆಯ ಹಾಡಿನಲ್ಲಿ ಗಿಟಾರು ನಿಂತಿತು, ಮಗಳೇ ಬಾರಿಸಿದ ಹಲಗಿ ಎದ್ದಿತು. ಮೂರು ದಪ್ಪ ಪೆಟ್ಟು, ಎರಡು ಸಣ್ಣದು, ಒಂದು ತಡೆ, ಮತ್ತೆ ಮೂರು. ಅದು ಯಾವ ಹಬ್ಬದ್ದೂ ಅಲ್ಲ. ದೂಧಗಂಗಾ ದಂಡೆಯ ಅವನ ಹುಟ್ಟೂರಲ್ಲಿ ಜಮೀನ್ದಾರರ ವಾಡೆಯಲ್ಲಿ ಎತ್ತೋ ಎಮ್ಮೆಯೋ ಸತ್ತಾಗ, ಎಳೆದುಕೊಂಡು ಹೋಗಲು ಬನ್ನಿ ಎಂದು ಕೇರಿಯವರನ್ನು ಕರೆಯುವ ಬಡಿತ. ಆ ಊರಿನ ಹೆಸರನ್ನೂ ಅವನು ಬಾಯಿಬಿಟ್ಟು ಹೇಳುವುದಿಲ್ಲ. ಅವನಪ್ಪ ಮಾಳಸಿದ್ದ ಹಲಗಿಯನ್ನು ಹೊಳೆಗೆ ಎಸೆದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಕ್ಕೋಳಕ್ಕೆ ಬಂದು ಐವತ್ತೆಂಟು ವರ್ಷವಾಯಿತು. ಗೋಡೆಗೆ ಬುದ್ಧನ ಫೋಟೋ ಬಂತು. ಮನೆಯಲ್ಲಿ ಮದುವೆಯಾಗಲಿ, ಮತ್ತೇನೇ ನಡೆಯಲಿ, ಹಲಗಿ ಮಾತ್ರ ಹೊಸ್ತಿಲ ಒಳಗೆ ಬರಲಿಲ್ಲ. ಕೇಳಿದವರಿಗೆ ಭರಮು ಒಂದೇ ಮಾತು ಹೇಳುತ್ತಿದ್ದ: ನಮ್ಮಪ್ಪಗ ಅವಮಾನ ತಡಕೊಳ್ಳಾಕ ಆಗಲಿಲ್ಲ, ಬಿಟ್ಟ.

ಮಗಳು ಪಾಪ, ಎಲ್ಲೋ ಮೊಬೈಲಿನಲ್ಲಿ ನೋಡಿ ಕಲಿತಿರಬೇಕು ಎಂದುಕೊಂಡ. ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದ. ಆದರೆ ಆ ವಿಮರ್ಶೆ ಓದಿ ಮುಂಬೈಯ ದೊಡ್ಡ ಕಾರ್ಯಕ್ರಮವೊಂದರಿಂದ ಕರೆ ಬಂತು. ಹಲಗಿಯಿಂದಲೇ ಶುರು ಮಾಡಬೇಕು, ಐದು ನಿಮಿಷ ಒಬ್ಬಳೇ ಬಾರಿಸಬೇಕು ಎಂದು ಅವರ ಬೇಡಿಕೆ. ಕಾಂಚನ ಹಲಗಿ ಹಿಡಿದು ನಿಂತ ಪೋಸ್ಟರೂ ಬಂತು. ಭಾನುವಾರ ಮಧ್ಯಾಹ್ನ ಅವರೆಲ್ಲ ಮಿರಜಕ್ಕೆ ಹೋಗಿ ರೈಲು ಹಿಡಿಯುವುದೆಂದು ಠರಾಯಿತು.

ಭರಮು ಇಕ್ಕಟ್ಟಿಗೆ ಸಿಕ್ಕ. ಹೇಳಿದರೆ, ಜೀವನದಲ್ಲಿ ಮೊದಲ ಸಲ ಹೊಗಳಿಕೆ ಕೇಳಿದ ಹುಡುಗಿಯ ಮುಖ ಇಳಿಯುತ್ತದೆ. ಹೇಳದಿದ್ದರೆ, ಸಾವಿರ ಜನರ ಎದುರು ಅವಳು ಸತ್ತ ದನಕ್ಕೆ ಜನ ಕರೆಯುತ್ತಾಳೆ, ಅವರು ಹಬ್ಬ ಎಂದು ಕುಣಿಯುತ್ತಾರೆ. ಆ ಸಾವಿರದಲ್ಲಿ ತನ್ನಂಥ ಒಬ್ಬ ಮುದುಕನಿದ್ದರೆ? ಅವನು ಎದ್ದು, ತಂಗೀ ಇದು ಇಂಥಾದ್ದು ಎಂದುಬಿಟ್ಟರೆ ಮಗಳು ಯಾವ ನೆಲದಲ್ಲಿ ಹುಗಿದುಕೊಳ್ಳಬೇಕು?

ಶುಕ್ರವಾರ ತಡೆಯಲಾರದೆ ಬಸ್ಸು ಹತ್ತಿದ. "ಎಲ್ಲಿಗ್ ಹೊಂಟಿ ಭರಮಣ್ಣಾ?" ಎಂದು ಹಳೆಯ ಕಂಡಕ್ಟರ್ ಕೇಳಿದ. "ಸುಮ್ನ" ಎಂದ. ಅದು ನಿಜವೂ ಆಗಿತ್ತು. ಚಿಕ್ಕೋಡಿ ಬರುವಷ್ಟರಲ್ಲಿ ಮಗಳಿಗೆ ಹೇಳಬೇಕಾದ ಮಾತು ಒಂದು ಹದಕ್ಕೆ ಬಂದಿತ್ತು. ರಾಯಬಾಗದಲ್ಲಿ ಅದು ಸರಿಯಿಲ್ಲ ಎನಿಸಿತು. ಅಥಣಿಯಲ್ಲಿ ಬೇರೆ ರೀತಿ ಶುರು ಮಾಡಿದ. ಕಾಗವಾಡದ ಸ್ಟ್ಯಾಂಡಿನಲ್ಲಿ ನಿಂತು ಚಹಾ ಕುಡಿಯುವಾಗ ಎಲ್ಲಾ ಮಾತೂ ಕಲಸಿಹೋಗಿ, ಮೊದಲನೆಯದೇ ವಾಸಿ ಎಂದುಕೊಂಡು ತಿರುಗಿ ಬಂದ. ಶನಿವಾರ ಇಡೀ ದಿನ ಅಂಗಳದಲ್ಲಿ ಅಡ್ಡಾಡಿದ. ಚಪ್ಪಲಿ ಸವೆಯಿತೇ ಹೊರತು ಮಾತು ಹೊರಬೀಳಲಿಲ್ಲ.

ಭಾನುವಾರ ಮಧ್ಯಾಹ್ನ ಶೇವಂತಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಾಂಚನ ಚೀಲ ತುಂಬುತ್ತಿದ್ದಳು. ಅಷ್ಟು ದಿನ ಗೋದಾಮಿನಲ್ಲಿದ್ದ ಹಲಗಿ ಈಗ ಬಟ್ಟೆಯಲ್ಲಿ ಸುತ್ತಿಕೊಂಡು ಬುದ್ಧನ ಫೋಟೋದ ಕೆಳಗೆ ಗೋಡೆಗೆ ಆತು ನಿಂತಿತ್ತು. ಭರಮು ಅದನ್ನು ನೋಡಿದ, ಬಾಗಿಲಾಚೆ ನೋಡಿದ, ಮತ್ತೆ ಅದನ್ನೇ ನೋಡಿದ.

"ಕಾಂಚನಾ, ಅದನ್ನ ಇಲ್ಲೇ ಬಿಟ್ಟು ಹೋಗವಾ."

"ಯಾಕಪಾ?"

"ಅದು ಹಬ್ಬದ್ದಲ್ಲ ಯವ್ವಾ. ವಾಡೇದಾಗ ದನ ಸತ್ರ ನಮ್ಮನ್ನ ಕರ್ಯಾಕ ಬಾರಸೂದು. ನೀ ಮೊಬೈಲ್‌ನ್ಯಾಗ ನೋಡಿ ಕಲ್ತಿರಬೇಕು. ನಿಂದೇನ್ ತಪ್ಪಿಲ್ಲ, ನಾನಽ ಹೇಳಬೇಕಿತ್ತು."

ಕಾಂಚನ ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು.

"ನನಗ ಗೊತ್ತೈತಪಾ," ಎಂದಳು. "ರುಕ್ಮವ್ವ ಅತ್ತಿ ಕಲಿಸ್ಯಾಳ. ಊಟದ ತಾಟಿನ ಮ್ಯಾಲ ಬಡದು ತೋರ್ಸಿದ್ಲು."

ರುಕ್ಮವ್ವ ಎಂದರೆ ಭರಮುನ ಅಕ್ಕ. ಸದಲಗಾದಲ್ಲಿರುತ್ತಾಳೆ. ಕಾಂಚನ ಡೇರಿಯಿಂದ ಮಧ್ಯಾಹ್ನದ ಊಟಕ್ಕೆ ಹೋಗುವುದು ಅವಳ ಮನೆಗೇ. ಎರಡು ವಾರ ತಾನು ಪಟ್ಟ ಪಾಡೆಲ್ಲ ಸುಳ್ಳಾಯಿತಲ್ಲ ಎಂದು ಭರಮುನಿಗೆ ತಲೆ ಧಿಮ್ಮೆಂದಿತು, ಅದರ ಹಿಂದೆಯೇ ಸಿಟ್ಟು ಬಂತು. ಮಗಳ ಮೇಲೆ ಅವನಿಗೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

"ಗೊತ್ತಿದ್ದೂ ಹಾಕೀದಿ? ನಾ ಇಷ್ಟ್ ವರ್ಷ ಹೊಟ್ಟ್ಯಾಗ ಇಟ್ಕೊಂಡಿದ್ದನ್ನ ನೀ ಮುಂಬೈಗೆ ಒಯ್ದು ಬಾರಸ್ತೀಯೇನು?"

"ಬಾರಸ್ತೀನಿ. ಅವ್ರು ಕುಣೀಲಿ. ಕುಣದ್ ಮುಗದ್ ಮ್ಯಾಲ ಇದು ಏನಂತ ಹೇಳ್ತೀನಿ. ಆಮ್ಯಾಲೆ ಹಾಡ್ತೀನಿ. ಎಲ್ಲಾ ಹಾಡಿನ್ಯಾಗಽ ಐತಲ್ಲಪಾ. ನೀ ಇಷ್ಟ್ ಸಲ ಕೇಳೀದಿ, ತಲೀನೂ ಆಡಿಸೀದಿ."

ಭರಮು ಕೂತ. "ನನಗ ಶಬ್ದ ತಿಳ್ಯಂಗಿಲ್ಲವಾ," ಎಂದ. "ಮೊದಲನೇ ಆಲ್ಬಮ್ಮಿಂದೂ ತಿಳಿದಿಲ್ಲ, ಇದರದ್ದೂ ಇಲ್ಲ."

"ನನಗೂ ಇಲ್ಲವಾ," ಎಂದು ಒಳಗಿನಿಂದ ಶೇವಂತಾ ಹೇಳಿದಳು.

ಕಾಂಚನಳಿಗೆ ನಗು ಬಂತು, ಕಣ್ಣೂ ತುಂಬಿತು. ಚೀಲದಿಂದ ಒಂದು ವಹಿ ತೆಗೆದು, ಹಾಳೆ ತಿರುವಿ ಅಪ್ಪನ ತೊಡೆಯ ಮೇಲಿಟ್ಟಳು. ಭರಮು ಚಾಳೀಸು ಏರಿಸಿಕೊಂಡು ಓದಿದ.

ಒಂಬತ್ತು ವರ್ಷದ ಹುಡುಗ
ಕೈಯಾಗ ಹಲಗಿ
ವಾಡೇದ ಎತ್ತು ಸತ್ತೈತಿ
ಬರ್ರಿ ಬರ್ರಿ ಬರ್ರಿ
ಅಳಕೋತ ಬಡದ
ಬಡಕೋತ ಅತ್ತ
ಅಂವ ನಮ್ಮಪ್ಪ

ಎರಡು ಸಲ ಓದಿದ. ಬೆರಳು ಐದನೆಯ ಸಾಲಿನ ಮೇಲೆ ನಿಂತಿತು.

"ಅತ್ತ ಅಂತ ಯಾರ್ ಹೇಳಿದ್ರು?"

"ಅತ್ತಿ. ಕೇರಿ ತುಂಬ ಅಳಕೋತ ಹೋಗಿದ್ದಿ ಅಂತ."

"ಸುಳ್ಳು," ಎಂದ ಭರಮು. "ಅಕ್ಕ ಅಲ್ಲೇ ನಿಂತಿದ್ಲು. ಎಲ್ಲಾ ನೋಡ್ಯಾಳ. ನನ್ನ ಮಾನ ಕಾಯಾಕ ಸುಳ್ ಹೇಳ್ಯಾಳ."

ಕಾಂಚನ ಅವನೆದುರು ನೆಲದ ಮೇಲೆ ಕೂತಳು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

"ಅವತ್ತ ಅಪ್ಪಗ ಜ್ವರ. ಏಳಾಕ ಆಗವಲ್ದು. ನೀ ಹೋಗಿ ಬಾರಸಿ ಬಾ ಅಂದ. ನಾ ಬೆಂಕಿ ಹಚ್ಚಿ ಹಲಗಿ ಕಾಸಿದೆ. ಅಪ್ಪನ್ನ ನೋಡಿ ನೋಡಿ ಕೈಗೆ ಬಂದಿತ್ತು. ವಾಡೇದ ಮುಂದ ಬಾರಸಿದ್ರ ಯಜಮಾನ ಮೆಟ್ಲ ಮ್ಯಾಲ ನಿಂತು, ಭಲೇ, ಅಪ್ಪಗಿಂತ ಮಗಾ ಛಲೋ ಬಾರಸ್ತಾನ ಅಂದ. ನಾ ನಕ್ಕೆ ಯವ್ವಾ. ಕೇರ್ಯಾಗ ಒಂದ್ ಸುತ್ತು ಬಾರಸಿದ್ರ ಸಾಕಿತ್ತು, ಮೂರ್ ಸುತ್ತು ಬಾರಸಿದೆ. ಹಲ್ಲ ಕಿಸಕೊಂಡು ಕುಣಕೋತ ಬಾರಸಿದೆ. ಅಷ್ಟು ಖುಷಿ ನನಗ ಮತ್ತ ಎಂದೂ ಆಗಿಲ್ಲ. ನೌಕರಿ ಸಿಕ್ಕಾಗೂ ಆಗಿಲ್ಲ."

ಅವನ ಎಡಗಾಲು ಅಲುಗಾಡುತ್ತಿತ್ತು. ಅವನು ಅದನ್ನು ಕೈಯಿಂದ ಒತ್ತಿ ಹಿಡಿದ.

"ಸಪ್ಪಳಾ ಕೇಳಿ ಅಪ್ಪ ಹೊರಗ ಬಂದ. ನನ್ನ ಮಾರಿ ನೋಡಿದ. ಬೈಲಿಲ್ಲ, ಹೊಡೀಲಿಲ್ಲ. ಹಲಗಿ ಕಸಗೊಂಡು, ಜ್ವರದಾಗ ಹೊಳಿತನಾ ನಡಕೋತ ಹೋಗಿ ಒಗದು ಬಂದ. ಅದಽ ವಾರ ಊರ್ ಬಿಟ್ವಿ. ಅವಮಾನಕ್ಕ ಬಿಟ್ಟ ಅಂತ ಎಲ್ಲಾರಿಗೂ ಹೇಳ್ಕೊಂಡ್ ಬಂದೀನಿ. ಅವಮಾನ ಅಂವ ಹುಟ್ಟಿದಾಗಿಂದ ತಿಂದಿದ್ದ, ಅದಕ್ಕ ಬಿಡಲಿಲ್ಲ. ನಾ ನಕ್ಕಿದ್ದು ನೋಡಿ ಬಿಟ್ಟ."

ಹೊರಗೆ ಕುನಾಲನ ಬೈಕು ಬಂದು ನಿಂತಿತು, ಹಾರ್ನು ಎರಡು ಸಲ ಕೂಗಿತು. ಕಾಂಚನ ಏಳಲಿಲ್ಲ.

"ತಿದ್ದು," ಎಂದು ಭರಮು ವಹಿಯನ್ನು ಅವಳ ಕಡೆ ಸರಿಸಿದ.

"ಆಲ್ಬಮ್ ಹೊರಗ ಬಂದ್ ಹೋಗೇತಿ ಅಪಾ."

"ಅಲ್ಲಿ ತಿದ್ದಿ ಹಾಡು. ಹುಡುಗ ನಕ್ಕೋತ ಬಡದ ಅಂತ ಹಾಡು."

ಕಾಂಚನ ಪೆನ್ನು ತೆಗೆದಳು. ಸಾಲಿನ ಮೇಲೆ ಗೀಟು ಎಳೆಯಲು ಹೋಗಿ ಕೈ ತಡೆದು ಅಪ್ಪನನ್ನು ನೋಡಿದಳು. "ಸಾವಿರ ಮಂದಿ ಮುಂದ ಅಪಾ. ನಿನಗ ನಾಚಿಕಿ ಆಗಂಗಿಲ್ಲೇನು?"

"ಆಗತೈತಿ," ಎಂದ ಭರಮು. "ಅದಕ್ಕಽ, ತಿಳಿಯೂವಂಗ ಹೇಳು."