ನಾನು ‘ಇಲ್ಲ’ ಎಂದು ಬರೆದ ತೋಳ

ನಮ್ಮೂರಿನಿಂದ ಮುಂಡರಗಿ ಕಡೆ ಹೊರಟರೆ ಎಡಕ್ಕೆ ಒಂದು ಸರಕಾರಿ ಗುಡ್ಡ. ಮೊದಲು ಅಲ್ಲಿ ಮರಗಳಿರಲಿಲ್ಲ, ಮೊಣಕಾಲೆತ್ತರದ ಹುಲ್ಲಿತ್ತು. ಅದನ್ನು ಹಾಳುಭೂಮಿ ಎಂದು ಕಾಗದದ ಮೇಲೆ ಬರೆದವನು ನಾನು.

ಆರೇಳು ವರ್ಷದ ಹಿಂದಿನ ಮಾತು. ನಾನಾಗ ಊರಿನ ಅರಣ್ಯ ಸಮಿತಿಯ ಅಧ್ಯಕ್ಷ. ಹತ್ತನೇ ಇಯತ್ತೆ ಪಾಸಾದವನು, ಅಕ್ಷರ ದುಂಡಗೆ ಎಂದು ಆ ಕುರ್ಚಿ ಸಿಕ್ಕಿತ್ತು. ಗುಡ್ಡದಲ್ಲಿ ಮಷೀನಿನಿಂದ ಕಾಲುವೆ ತೋಡಿ ಗಿಡ ನೆಡಲು ಅನುದಾನ ಮಂಜೂರಾಗಿತ್ತು. ಮಾರ್ಚ್ ಒಳಗೆ ಖರ್ಚಾಗದಿದ್ದರೆ ವಾಪಸು. ಸಂಕ್ರಾಂತಿ ಮುಗಿದ ವಾರ, ನನ್ನ ಜೊತೆ ಶಾಲೆ ಕಲಿತ ಕುರಿಗಾರ ಗೆಳೆಯ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ. ದನಿ ತಗ್ಗಿಸಿದ.

“ಯಾರಿಗೂ ಹೇಳಿಲ್ಲ, ನಿನಗ ಹೇಳತೀನಿ. ಗುಡ್ಡದ ಆ ಕಡೆ ಇಳಿಜಾರಿನ್ಯಾಗ ತೋಳ ಮರಿ ಹಾಕೇತಿ. ಅಲ್ಲೆ ಮಷೀನ್ ಹಚ್ಚಬ್ಯಾಡಲೇ.”

“ನಿನ್ನ ಕುರಿ ತಿನ್ನೂ ತೋಳಕ್ಕ ನೀನ ವಕೀಲ ಆದ್ಯಾ?”

“ವರ್ಷಕ್ಕ ಒಂದೆರಡು ಒಯ್ತೈತಿ, ಖರೆ. ನಮ್ಮಪ್ಪನ ಕಾಲದಿಂದ ಒಯ್ತೈತಿ. ಅದೂ ಮಕ್ಕಳ ತಾಯಿ. ನೀ ಬ್ಯಾರೆ ಕಡೆ ತೋಡಸು.”

ಆತು ಎಂದೆ. ಮರುದಿನ ಜಾಗದ ಬಗ್ಗೆ ನಮೂನೆ ತುಂಬಲು ಕುಳಿತೆ. ‘ಇಲ್ಲಿ ಅಪರೂಪದ ಪ್ರಾಣಿಗಳ ನೆಲೆ ಇದೆಯೇ?’ ಎಂದು ಒಂದು ಸಾಲಿತ್ತು. ಇದೆ ಎಂದರೆ ನೋಡಲು ಜನ ಬರುತ್ತಾರೆ, ಮಾರ್ಚ್ ದಾಟುತ್ತದೆ. ಗುಡ್ಡದ ಬುಡದಲ್ಲಿ ನಿಲ್ಲಬೇಕಿದ್ದ ಫಲಕಕ್ಕೆ ನನ್ನ ಹೆಸರು ಬರೆಯಲು ಬೆಟಗೇರಿಯ ಪೇಂಟರನಿಗೆ ಆಗಲೇ ಹೇಳಿ ಬಂದಿದ್ದೆ. ‘ಇಲ್ಲ’ ಎಂದು ಬರೆದೆ. ಎಂದಿನಂತೆ ದುಂಡಗೇ ಬರೆದೆ.

ಜೆಸಿಬಿ ಬಂದು ಇಳಿಜಾರಿನುದ್ದಕ್ಕೂ ಕಾಲುವೆ ತೋಡಿತು. ನಾಲ್ಕು ದಿನ ಬಿಟ್ಟು ಗೆಳೆಯ ಬಂದ. ಈ ಸಲ ಕಟ್ಟೆಯ ಮೇಲೆ ಕೂರಲಿಲ್ಲ.

“ಗವಿ ಕುಸದೈತಿ. ತಾಯಿ ಒಂದು ಮರಿ ಕಚ್ಚಿಕೊಂಡು ಹೋತು. ಮೂರು ದಿನ ತಿರುಗಿ ಬಂದು ಮಣ್ಣು ಮೂಸಿತು. ಮಣ್ಣಾಗ ಉಳದ ಮರಿ ಎಷ್ಟಂತ ನನ್ನ ಕೇಳಬ್ಯಾಡ.”

ನಾನು ಕೇಳಲಿಲ್ಲ. ಯಾರಿಗೂ ಹೇಳಲಿಲ್ಲ, ಮನೆಯಾಕೆಗೂ. ಗಿಡಗಳು ಬದುಕಿದವು, ಅವುಗಳ ಕೆಳಗೆ ಹುಲ್ಲು ಹೋಯಿತು. ಜನ ಫಲಕ ನೋಡಿ ನನ್ನನ್ನು ಹೊಗಳುತ್ತಿದ್ದರು. ಗೆಳೆಯ ಮಾತ್ರ ಎದುರಾದಾಗ “ಅಧ್ಯಕ್ಷರಿಗೆ ಶರಣ್ರಿ” ಎಂದು, ನಿಲ್ಲದೆ, ಕುರಿ ಹೊಡೆದುಕೊಂಡು ದೂರದ ಹೊಲಗಳಿಗೆ ಹೋಗುತ್ತಿದ್ದ.

ಹೋದ ವರ್ಷ ಅರಣ್ಯ ಇಲಾಖೆಗೆ ಹೊಸದಾಗಿ ಬಂದ ಮೇಡಮ್ ಒಬ್ಬರು ಶಾಲೆಯ ಪಡಸಾಲೆಯಲ್ಲಿ ಊರಿನ ಸಭೆ ಕರೆದರು. ತೋಳಗಳನ್ನು ಉಳಿಸಲು ಅನುದಾನ ಬರುವುದಿತ್ತು. ಗಿಡ ತೆಗೆದು, ಕಾಲುವೆ ಮುಚ್ಚಿ, ಹುಲ್ಲು ಬೆಳೆಯಲು ಬಿಡುವ ಕೆಲಸ. ಕುರಿ ಕಳೆದುಕೊಂಡವರಿಗೆ ಪರಿಹಾರವೂ ಇತ್ತು. ಆದರೆ ಅದು ತೋಳ ಮರಿ ಹಾಕಿದ ಜಾಗವಾಗಿರಬೇಕು. ಅವರ ಕೈಯಲ್ಲಿ ನನ್ನ ಹಳೆಯ ನಮೂನೆ ಇತ್ತು.

“ಇದರಾಗ ‘ಇಲ್ಲ’ ಅಂತ ಬರದಾರಲ್ರಿ. ಹಿಂಗಿದ್ರ ನಮಗೇನೂ ಮಾಡಾಕ ಬರೂದಿಲ್ಲ.”

ಮೂಲೆಯಲ್ಲಿ ಕುಳಿತಿದ್ದ ಗೆಳೆಯ ನೆಲ ನೋಡುತ್ತಿದ್ದ. ಅವನು ಹೇಳಬಹುದಿತ್ತು, ಹೇಳಲಿಲ್ಲ. ನಾನು ಎದ್ದೆ.

“ಅದು ಸುಳ್ಳ್ರಿ ಮೇಡಮ್. ಗೊತ್ತಿದ್ದ ಬರದೀನಿ. ಮರಿ ಇದ್ದುವು. ಅವುಗಳ ಮ್ಯಾಲೆ ಮಷೀನ್ ಬಿಟ್ಟಾಂವ ನಾನ.”

ಹಿಂದಿನಿಂದ ಯಾರೋ, “ರೊಕ್ಕ ಬರತೈತಿ ಅನ್ನೂದ್ರಾಗ ತೋಳ ನೆನಪಾತೇನ್ರಿ ಅಜ್ಜಾರ?” ಎಂದರು. ಸಭೆ ನಕ್ಕಿತು. ನಿಜ ಹೇಳಿದ ದಿನವೇ ಸುಳ್ಳುಗಾರನಾಗಿ ನಿಂತಿದ್ದೆ. ಅದಕ್ಕೆ ಯಾರನ್ನು ದೂರಲಿ?

ಆಗ ಗೆಳೆಯ ಕಂಬಳಿ ಹೆಗಲಿಗೇರಿಸಿದ. “ಖರೆ ಹೇಳಾಕತ್ತಾನ. ಗುಡ್ಡಕ್ಕ ನಡೀರಿ, ತೋರಸ್ತೀನಿ.”

ಎಲ್ಲರೂ ಹತ್ತಿದೆವು. ಕಾಲುವೆಯ ಅಂಚಿನಲ್ಲಿ ಗವಿಯ ಅರ್ಧ ಬಾಯಿ ಇನ್ನೂ ಉಳಿದಿತ್ತು. ಇಷ್ಟು ವರ್ಷದಲ್ಲಿ ನಾನು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಮೇಡಮ್ ಬಗ್ಗಿ ಅಳತೆ ತೆಗೆದರು, ಫೋಟೊ ಹೊಡೆದರು. ನಕ್ಕವರೂ ಬಗ್ಗಿ ನೋಡಿದರು.

ಅನುದಾನ ಬಂತು. “ಹಚ್ಚಾಕೂ ಸರಕಾರದ ರೊಕ್ಕ, ಕೀಳಾಕೂ ಸರಕಾರದ ರೊಕ್ಕ!” ಎಂದು ಊರಲ್ಲಿ ನಗೆಯಾಡಿದರು. ಮೊದಲು ಕಿತ್ತದ್ದು ನನ್ನ ಹೆಸರಿನ ಫಲಕ. ನಾನೇ ಕಿತ್ತೆ. ಮಳೆಗಾಲದಲ್ಲಿ ಮುಚ್ಚಿದ ಕಾಲುವೆಗಳ ಮೇಲೆ ಅಲ್ಲಲ್ಲಿ ಹುಲ್ಲು ಕಂಡಿತು.

ಈ ಸಂಕ್ರಾಂತಿಗೆ ಗೆಳೆಯ ಬಂದು ಕಟ್ಟೆಯ ಮೇಲೆ ಕುಳಿತ. ಕುಸುರೆಳ್ಳು ಬಾಯಿಗೆ ಹಾಕಿಕೊಂಡು ಹೇಳಿದ, “ಬಂದೈತಿ ಲೇ. ಹೊಸಾ ಮಣ್ಣು ಕೆದರೇತಿ.”

“ಎಲ್ಲೆ?”

“ನಿನಗ ಹೇಳಂಗಿಲ್ಲ.”

ಅವನು ನಕ್ಕ. ನಾನೂ ನಕ್ಕೆ, ಮತ್ತೆ ಕೇಳಲಿಲ್ಲ.

ವಾರದ ಮೇಲೆ ಗುಡ್ಡದ ಬಗ್ಗೆ ಅರಣ್ಯ ಸಮಿತಿಗೆ ಈ ವರ್ಷದ ನಮೂನೆ ಬಂತು. ಬರೆಯಲು ಈಗಲೂ ನನ್ನ ಕೈಗೇ ಕೊಡುತ್ತಾರೆ. ಅದೇ ಪ್ರಶ್ನೆ ಇತ್ತು. ‘ಇದೆ’ ಎಂದು ಬರೆದೆ. ವಯಸ್ಸಿಗೆ ಅಕ್ಷರ ಸೊಟ್ಟಾಗಿದೆ. ಎಲ್ಲಿ ಎಂಬ ಸಾಲಿನಲ್ಲಿ ‘ಕುರಿಗಾರನನ್ನು ಕೇಳಬೇಕು’ ಎಂದು ಬರೆದು ಸಹಿ ಹಾಕಿದೆ.